ಫುಲ್‌ಸ್ಟಾಪ್ ಇಟ್ಟರೂ ಮುಗಿಯದ ಇಂಗ್ಲಿಷ್ ವಾಕ್ಯ

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬರೆದ ರಜಾ ಅರ್ಜಿ ಹೀಗಿತ್ತು: ‘ಐ ಕುಡ್ ನಾಟ್ ಕಮ್ ಯೆಸ್ಟರ್‌ಡೇ. ಬಿಕಾಸ್ ಐ ಹ್ಯಾಡ್ ಫೀವರ್.’ ರಜೆ ಸಿಕ್ಕಿತು. ಜೊತೆಗೆ ‘ಬಿಕಾಸ್’ ಸುತ್ತ ಕೆಂಪು ಶಾಯಿಯ ಸೊನ್ನೆಯೂ ಬಿತ್ತು.

ತಪ್ಪೇನು? ‘ಬಿಕಾಸ್ ಐ ಹ್ಯಾಡ್ ಫೀವರ್’ ಪೂರ್ತಿ ವಾಕ್ಯವಲ್ಲ, ಬರೀ ತುಂಡು. ಕನ್ನಡದಲ್ಲಿ ‘ಬರೋಕೆ ಆಗಲಿಲ್ಲ. ಏಕೆಂದರೆ ಜ್ವರ ಬಂದಿತ್ತು’ ಅಂತ ಬರೆದರೆ ಯಾರೂ ತಕರಾರು ಮಾಡುವುದಿಲ್ಲ. ‘ಏಕೆಂದರೆ’ ಹೊಸ ವಾಕ್ಯ ಶುರು ಮಾಡಬಲ್ಲದು. ‘ಬಿಕಾಸ್’ ಕೆಲಸ ಮಾಡುವ ರೀತಿ ನಮ್ಮ ‘ಬಂದಿದ್ದರಿಂದ’ ಇದೆಯಲ್ಲ, ಅದರ ಹಾಗೆ. ‘ಜ್ವರ ಬಂದಿದ್ದರಿಂದ’ ಅಂದು ಸುಮ್ಮನಾಗಿ ನೋಡಿ. ಎದುರಿಗಿದ್ದವರು ‘ಹ್ಞೂಂ, ಆಮೇಲೆ?’ ಅಂತಾರೆ ಅಲ್ವಾ? ‘ಇಫ್’, ‘ವೆನ್’, ‘ಆಲ್‌ದೋ’ ಕಂಡಾಗಲೂ ಹೀಗೇ ಮಾಡಿ: ‘ಬಂದರೆ’, ‘ಬಂದಾಗ’, ‘ಬಂದರೂ’. ನಮ್ಮ ಕಿವಿಯೇ ತಪ್ಪು ಹಿಡಿಯುತ್ತದೆ. ಅಂದಹಾಗೆ, ‘ಬಿಕಾಸ್’ನಿಂದ ವಾಕ್ಯ ಶುರು ಮಾಡಲೇಬಾರದು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರೆ ಅದು ಅರ್ಧ ಸತ್ಯ. ‘ಬಿಕಾಸ್ ಐ ಹ್ಯಾಡ್ ಫೀವರ್, ಐ ಕುಡ್ ನಾಟ್ ಕಮ್’ ಸರಿಯಾಗಿಯೇ ಇದೆ.

ಈಗ ನಿಮ್ಮ ಇಂಗ್ಲಿಷ್ ಬರಹ ತೆಗೆದು ಇಂಥ ತುಂಡುಗಳನ್ನು ಹುಡುಕಿ. ಮೊದಲು ಕೊನೆಯ ವಾಕ್ಯ ಓದಿ, ಆಮೇಲೆ ಅದರ ಹಿಂದಿನದು, ಹೀಗೆ ಮೇಲಕ್ಕೆ ಹೋಗಿ. ಮೇಲಿನಿಂದ ಓದಿದರೆ ಬಿಟ್ಟಿದ್ದನ್ನು ಮನಸ್ಸೇ ತುಂಬಿಕೊಂಡುಬಿಡುತ್ತದೆ.

ಅನುಮಾನ ಬಂದ ವಾಕ್ಯದ ಮುಂದೆ ‘ಐ ನೋ ದಟ್’ ಸೇರಿಸಿ. ‘ಐ ನೋ ದಟ್ ಐ ಹ್ಯಾಡ್ ಫೀವರ್’ ನಿಲ್ಲುತ್ತದೆ. ‘ಐ ನೋ ದಟ್ ಬಿಕಾಸ್ ಐ ಹ್ಯಾಡ್ ಫೀವರ್’ ಅಂದರೆ ‘ಜ್ವರ ಬಂದಿದ್ದರಿಂದ ನನಗೆ ಅದು ಗೊತ್ತು’ ಅಂತ ಮಾತೇ ಬೇರೆಯಾಗುತ್ತದೆ, ಹಾಗಾದರೆ ಅದು ತುಂಡು. ಪ್ರಶ್ನೆಗೆ, ‘ಪ್ಲೀಸ್ ಸೆಂಡ್ ದ ಫೈಲ್’ನಂಥ ಕೋರಿಕೆಗೆ ಈ ಪರೀಕ್ಷೆ ಬೇಡ.

ಮುಂದೆ, ‘ಯಾರು’ ಮತ್ತು ‘ಏನು ಮಾಡಿದರು ಅಥವಾ ಏನಾಗಿದ್ದಾರೆ’ ಎರಡೂ ಇವೆಯಾ ನೋಡಿ. ‘ನಮ್ಮಪ್ಪ ರೈತ’ ಕನ್ನಡದಲ್ಲಿ ಪೂರ್ತಿ ವಾಕ್ಯ. ‘ಮೈ ಫಾದರ್ ಎ ಫಾರ್ಮರ್’ಗೆ ‘ಈಸ್’ ಬೇಕು. ‘ನಿನ್ನೆ ಬಂದೆ’ ಅಂದರೆ ‘ನಾನು’ ಅದರೊಳಗೇ ಇದೆ. ‘ಕೇಮ್ ಯೆಸ್ಟರ್‌ಡೇ’ ಅಂದರೆ ಬಂದವರು ಯಾರೋ ಗೊತ್ತಾಗುವುದಿಲ್ಲ.

ಆಫೀಸ್ ಪತ್ರಗಳ ಹಳೇ ರೋಗ ಬೇರೆ ಇದೆ: ‘ವಿತ್ ರೆಫರೆನ್ಸ್ ಟು ದ ಅಬವ್ ಸಬ್ಜೆಕ್ಟ್.’ ಫುಲ್‌ಸ್ಟಾಪ್! ಸಬ್ಜೆಕ್ಟ್ ಮೇಲೇ ಇದೆ, ಈ ಸಾಲು ಹೊಡೆದುಹಾಕಿ. ಕೊನೆಯ ‘ಹೋಪಿಂಗ್ ಫಾರ್ ಎ ರಿಪ್ಲೈ’ ನಮ್ಮ ‘ನಿರೀಕ್ಷಿಸುತ್ತಾ’ ಇದ್ದ ಹಾಗೆ, ಮುಗಿಯುವುದಿಲ್ಲ. ‘ಐ ಹೋಪ್ ಟು ಹಿಯರ್ ಫ್ರಮ್ ಯು’ ಅಂತ ಬರೆಯಿರಿ. ಮೆಸೇಜ್‌ನಲ್ಲಿ, ಜಾಹೀರಾತಿನಲ್ಲಿ ತುಂಡು ವಾಕ್ಯ ನಡೆಯುತ್ತದೆ, ಅಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಸರಿಪಡಿಸುವುದು ಸುಲಭ. ತುಂಡನ್ನು ಪಕ್ಕದ ವಾಕ್ಯಕ್ಕೆ ಸೇರಿಸಿ, ಇಲ್ಲವೇ ಬಿಟ್ಟುಹೋದ ಪದ ಹಾಕಿ. ಆದರೆ ಹುಷಾರು! ನನ್ನ ಅರ್ಜಿ ತಿದ್ದುವಾಗ ‘ಬಿಕಾಸ್’ ಕಿತ್ತು ‘ಐ ಹ್ಯಾಡ್ ಫೀವರ್, ಐ ಕುಡ್ ನಾಟ್ ಕಮ್’ ಅಂತ ಮಾಡಿದ್ದೆ. ಎರಡು ಪೂರ್ತಿ ವಾಕ್ಯಗಳನ್ನು ಬರೀ ಕಾಮಾ ಹಿಡಿದಿಡಲಾರದು. ಕಾಮಾ ಆದಮೇಲೆ ಒಂದು ‘ಸೋ’ ಬೇಕಿತ್ತು. ಕೆಂಪು ಸೊನ್ನೆ ಮತ್ತೆ ಬಿತ್ತು, ಈ ಸಲ ಕಾಮಾ ಸುತ್ತ.