ಮುಂದಿನ ಚಕ್ರದ ಟಕ್ ಟಕ್: ನಾನು ಹಿಡಿದ ಬಗೆ

"ಸ್ಟೀರಿಂಗ್ ರ‍್ಯಾಕ್ ಹೋಗಿದೆ ಸಾರ್, ಬೇರೆ ದಾರಿನೇ ಇಲ್ಲ" ಅಂದ ಮೆಕ್ಯಾನಿಕ್. ಹೊಸ ರ‍್ಯಾಕಿಗೆ 17-18 ಸಾವಿರ (ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಭಾಗ ಅದು). ಅಷ್ಟು ಹೊತ್ತಿಗೆ ನನ್ನ ಜೇಬಿನಿಂದ ಹತ್ತು ಸಾವಿರ ಚಿಲ್ಲರೆ ಹೋಗಿತ್ತು, ಶಬ್ದ ಮಾತ್ರ ಹೋಗಿರಲಿಲ್ಲ. ಕೀ ಇಸ್ಕೊಂಡು ಮನೆಗೆ ಬಂದೆ.

ಗಾಡಿ ಹತ್ತು ವರ್ಷ ದಾಟಿದ ಡೀಸೆಲ್ ಹ್ಯಾಚ್‌ಬ್ಯಾಕ್. 1 ಲಕ್ಷ 20 ಸಾವಿರದ ಹತ್ತಿರ ಓಡಿದೆ. ನಮ್ಮದು ತೀರ್ಥಹಳ್ಳಿ ಕಡೆ. ಟಾರು ರಸ್ತೆಯಿಂದ ಮನೆವರೆಗೆ ಒಂದೂವರೆ ಕಿಲೋಮೀಟರ್ ಜಲ್ಲಿ ಎದ್ದ ದಾರಿ. ಅಲ್ಲಿ 15-20ರಲ್ಲಿ ಬಂದರೆ ಮುಂದೆ ಎಡಗಡೆಯಿಂದ ಟಕ್ ಟಕ್, ಚಿಲಕ ಹಾಕದ ಕಿಟಕಿ ಗಾಳಿಗೆ ಬಡಿದ ಹಾಗೆ. ಆಗುಂಬೆ ಘಾಟಿಯ 14 ತಿರುವು ಇಳಿದು ಹತ್ತಿದರೂ ಸದ್ದಿಲ್ಲ. ದೊಡ್ಡ ಹಂಪ್ ಹಾರಿಸಿದರೂ ಇಲ್ಲ. ಸಣ್ಣ ಕಲ್ಲು ಸಿಕ್ಕರೆ ಸಾಕು, ಶುರು.

ಮೊದಲ ತಪ್ಪು ನನ್ನದೇ. ಎಲ್ಲರೂ ಮಾಡುವ ಹಾಗೆ ಸುಮ್ನೆ ಲಿಂಕ್ ರಾಡ್ ಜೋಡಿ ತಂದು ಹಾಕಿದೆ. ತಿರುವಿನಲ್ಲಿ ಗಾಡಿ ವಾಲದ ಹಾಗೆ ಹಿಡಿಯುವ ಅಡ್ಡ ಬಾರನ್ನು ಎರಡೂ ಚಕ್ರದ ಕಡೆಗೆ ಜೋಡಿಸುವ ಕಡ್ಡಿಗಳು ಅವು. 1,400 ಇರಬೇಕು. ಶಬ್ದ ಹಾಗೇ ಇತ್ತು. ಎರಡೂ ಕಡೆ ಲಿಂಕ್ ರಾಡ್ ಬಿಚ್ಚಿ, ತಂತಿಯಲ್ಲಿ ಕಟ್ಟಿ, ಜಲ್ಲಿ ಮೇಲೆ ನಿಧಾನ ಓಡಿಸಿ ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆಮೇಲೆ ಹಾಗೇ ಮಾಡಿದೆ, ದುಡ್ಡು ಕೊಟ್ಟ ಮೇಲೆ! ಇನ್ನೊಂದು ಮಾತು. ಒಂದೇ ಕಡೆ ಜಾಕ್ ಕೊಟ್ಟು ಲಿಂಕ್ ರಾಡ್ ಅಲ್ಲಾಡಿಸಿ "ಗಟ್ಟಿ ಇದೆ" ಅನ್ನುವವರನ್ನು ನಂಬಬೇಡಿ. ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದಿರುತ್ತದೆ, ಆಟ ಕಾಣೋದೇ ಇಲ್ಲ.

ಆಮೇಲೆ ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿಡುವ ಲೋವರ್ ಆರ್ಮ್ ಜೋಡಿ, 4,600. ಲೇಬರ್ 1,500. ಇದರ ಕಥೆ ಹೊಟ್ಟೆ ಉರಿಸುವಂಥದ್ದು. ಗ್ಯಾರೇಜಿನಲ್ಲಿ ಗಾಡಿ ಲಿಫ್ಟ್ ಮೇಲೆ ನೇತಾಡುತ್ತಿರುವಾಗಲೇ ಆರ್ಮಿನ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟ್ ಬಿಗಿದುಬಿಟ್ಟರು. ಚಕ್ರ ನೆಲಕ್ಕೆ ಬಂದಾಗ ರಬ್ಬರ್ ತಿರುಚಿಕೊಂಡೇ ಇತ್ತು. ನಾಲ್ಕು ತಿಂಗಳಿಗೆ ಆರ್ಮಿನ ಹಿಂಬದಿಯ ಬುಷ್ ಹರಿಯಿತು. ಮತ್ತೆ ಬುಷ್ 1,600, ಮತ್ತೆ ಅಲೈನ್‌ಮೆಂಟ್ 500. ಎರಡನೇ ಸಲ ನಾನೇ ಮಾಡಿದೆ. ನಮ್ಮ ಅಂಗಳದಲ್ಲಿ ಪಿಕಪ್‌ಗೆ ಅಂತ ತೋಡಿಸಿದ ಗುಂಡಿ ಇದೆ. ಚಕ್ರ ನೆಲದ ಮೇಲಿಟ್ಟು, ಗುಂಡಿಗಿಳಿದು ಬಿಗಿದೆ. ಆ ಬುಷ್ ಈಗಲೂ ಚೆನ್ನಾಗಿದೆ. ಶಬ್ದವೂ ಚೆನ್ನಾಗೇ ಇತ್ತು.

ಬ್ರೇಕ್ ಮೇಲೆ ಲಘುವಾಗಿ ಕಾಲಿಟ್ಟು ಓಡಿಸಿದರೂ ವ್ಯತ್ಯಾಸವಿಲ್ಲ, ಹಾಗಾಗಿ ಕ್ಯಾಲಿಪರ್ ಬಿಟ್ಟೆ. ಡಿಕ್ಕಿಯ ಜಾಕಿಗೆ ಚಾದರ ಸುತ್ತಿದೆ. ಬಾನೆಟ್ ಲಾಕಿಗೆ ಸೈಕಲ್ ಟ್ಯೂಬ್ ತುಂಡು ತುರುಕಿದೆ. ಒಂದು ದಿನ ಬುಷ್‌ಗಳಿಗೆಲ್ಲ ಸೋಪಿನ ನೀರು ಹೊಡೆದೆ. ಕಿರುಗುಟ್ಟುವ ಶಬ್ದಕ್ಕೆ ಅದು ಸರಿ, ಬಡಿಯುವ ಶಬ್ದಕ್ಕೆ ದಂಡ.

ಆಗ ಹೊಳೆದದ್ದು ಮೈಕ್. ಭಾಷಣ ಮಾಡುವವರು ಅಂಗಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ವೈರ್‌ಲೆಸ್ ಕಾಲರ್ ಮೈಕ್. ಜೋಡಿ 900 ರೂಪಾಯಿ. ಮೆಕ್ಯಾನಿಕ್‌ಗೆ ಹೇಳಿದೆ. "ಏನ್ ಸಾರ್, ಲೋವರ್ ಆರ್ಮ್ ಹತ್ರ ಹಾಡು ಹೇಳಿಸ್ತೀರಾ?" ಅಂತ ನಕ್ಕ. ಪಕ್ಕದ ಮನೆಯವರೂ "ಎಂಥದು ಮಾರಾಯ್ರೆ ಇದು" ಅಂದರು.

ಮೊದಲ ದಿನ ಅವರೇ ಗೆದ್ದರು. ಎರಡು ಮೈಕಿನ ಶಬ್ದವನ್ನೂ ರಿಸೀವರ್ ಬೆರೆಸಿ ಒಂದೇ ಮಾಡಿಬಿಡುತ್ತಿತ್ತು, ಯಾವ ಕಡೆಯದು ಅಂತ ಗೊತ್ತಾಗುವುದು ಹೇಗೆ? ಡಬಲ್ ಟೇಪ್ ಗ್ರೀಸಿಗೆ ಹಿಡಿಯಲಿಲ್ಲ, ಒಂದು ಮೈಕ್ ದಾರಿಯಲ್ಲೇ ಬಿತ್ತು. ಹುಡುಕಿ ತಂದೆ. ಸಿಕ್ಕಿದ್ದನ್ನು ಕೇಬಲ್ ಟೈಯಲ್ಲಿ ಕಟ್ಟಿ, ಒಂದನ್ನು ಮ್ಯೂಟ್ ಮಾಡಿ, ಒಂದೊಂದೇ ಜಾಗ ರೆಕಾರ್ಡ್ ಮಾಡಿದೆ. ಅದೇ ದಾರಿ, ಅದೇ ವೇಗ, ಎರಡನೇ ಗೇರು. ಜಲ್ಲಿ ಸಿಡಿಯುವ ಸದ್ದು ಒಳಗೆ ಹೋಗದ ಹಾಗೆ ಮೈಕಿಗೆ ಏನು ಸುತ್ತಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೇ ಎರಡು ಭಾನುವಾರ ಹಿಡಿದಿದೆ.

ಎಡಗಡೆ ಆರ್ಮ್, ನಕಲ್ (ಚಕ್ರ ಕೂರುವ ಗಟ್ಟಿ ಭಾಗ), ರ‍್ಯಾಕ್, ಎಲ್ಲ ಕಡೆ ಮಂಕು ಸದ್ದು. ಬಲಗಡೆ ಕೆಳಗೆ ಸ್ವಲ್ಪ ಜಾಸ್ತಿ. ಬಲಗಡೆ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ, ಅದರ ತಲೆಯ ಹತ್ತಿರ ಕಟ್ಟಿದೆ ನೋಡಿ, ಇಯರ್‌ಫೋನಿನಲ್ಲಿ ಸುತ್ತಿಗೆ ಹೊಡೆದಂತೆ ಟಕ್! ಎಂಟು ತಿಂಗಳು ನನ್ನ ಕಿವಿ ಎಡಗಡೆ ಅನ್ನುತ್ತಿತ್ತು. ತಗಡು ಶಬ್ದವನ್ನು ಎಲ್ಲಿಂದ ಎಲ್ಲಿಗೋ ಸಾಗಿಸುತ್ತದೆ.

ಅಲ್ಲಿಗೆ ಯಾರೂ ಕೈ ಹಾಕಿರಲಿಲ್ಲ. ಶಾಕ್ ಅಬ್ಸಾರ್ಬರ್ ಹೊಸದು, ಶಬ್ದ ಶುರುವಾಗುವ ಒಂದು ತಿಂಗಳ ಮುಂಚೆ ಹಾಕಿಸಿದ್ದು. "ಹೊಸದರಲ್ಲಿ ಏನೂ ಇರಲ್ಲ" ಅಂತ ನಾನೂ ಒಪ್ಪಿದ್ದೆ. ಬಾನೆಟ್ ಎತ್ತಿ, ಮೇಲಿನ ರಬ್ಬರ್ ಮುಚ್ಚಳ ತೆಗೆದು, ಶಾಕ್ ಅಬ್ಸಾರ್ಬರ್ ರಾಡಿನ ನಟ್ಟಿಗೂ ಅದು ಕೂರುವ ಮೌಂಟಿಗೂ ಸೇರುವಂತೆ ಬೆರಳಿಟ್ಟೆ. ಅಳಿಯ ಮುಂದಿನ ಮೂಲೆ ಹಿಡಿದು ಗಾಡಿ ಕುಲುಕಿದ. ಬೆರಳ ತುದಿಗೆ ಸಣ್ಣ ಏಟು, ಪ್ರತಿ ಸಲವೂ. ಕಣ್ಣಿಗೆ ಏನೂ ಕಾಣಲ್ಲ.

ಏರ್ ಗನ್ನಿನಲ್ಲಿ ನಟ್ ಹೊಡೆಯುವಾಗ ರಾಡೂ ಜೊತೆಗೇ ತಿರುಗಿರಬೇಕು. ಬಿಗಿಯಾಯಿತು ಅನಿಸುತ್ತದೆ, ಆಗಿರಲ್ಲ. ಚಕ್ರ ನೆಲದ ಮೇಲೇ ಇಟ್ಟು, ರಾಡಿನ ತಲೆಗೆ ಅಲನ್ ಕೀ ಕೊಟ್ಟು ಹಿಡಿದು, ಬಾಗಿದ ರಿಂಗ್ ಸ್ಪ್ಯಾನರಿನಲ್ಲಿ ಬಿಗಿದೆ. ಮುಕ್ಕಾಲು ಸುತ್ತು ಬಂತು. ಖರ್ಚು ಸೊನ್ನೆ. (ಬಿಗಿಯುವುದು ಮಾತ್ರ ಹೀಗೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಆ ನಟ್ ಬಿಚ್ಚಲು ಹೋದರೆ ಸ್ಪ್ರಿಂಗ್ ಸಿಡಿದು ಮುಖ ಉಳಿಯಲ್ಲ.)

ಸಂಜೆ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಲ್ಲಿ ದಾರಿಯಲ್ಲಿ ಎರಡು ಸುತ್ತು ಹೊಡೆದೆ. ಅವನು ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ ಕೇಳಿದ. ಏನೂ ಮಾತಾಡಲಿಲ್ಲ. ಇಳಿಯುವಾಗ ಮೈಕಿಗೆ ಎಷ್ಟಾಯಿತು ಅಂತ ಕೇಳಿದ.

ಒಮ್ಮೆ ಸಡಿಲಾದ ನಟ್ ಬದಲಿಸುವುದೇ ಸರಿ. ಅದಕ್ಕೆ ಸ್ಟ್ರಟ್ ಇಳಿಸಬೇಕು, ಅಡಿಕೆ ಕೊಯ್ಲು ಮುಗಿದ ಮೇಲೆ ಮಾಡ್ತೀನಿ. ಅಲ್ಲಿವರೆಗೆ ನಟ್ಟಿನಿಂದ ರಾಡಿಗೆ ಬಿಳಿ ಪೇಂಟಿನ ಗೆರೆ ಎಳೆದಿದ್ದೇನೆ. ಭಾನುವಾರ ಭಾನುವಾರ ಮುಚ್ಚಳ ತೆಗೆದು ನೋಡ್ತೀನಿ. ಎರಡು ತಿಂಗಳಾಯಿತು, ಗೆರೆ ಕದಲಿಲ್ಲ.