ಏಳು ಸುತ್ತಿನ ಕೋಟೆಗೆ ಡಿಸಿಂಟಿಗ್ರೇಟ್ ಮಂತ್ರ ಬಿದ್ದರೆ: ನನ್ನ ಅನುಭವ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಹಾಕಿ ಕಥೆ ನಡೆಸುವ ಆಟ) ಮಂತ್ರದಿಂದ ಕೋಟೆ ಒಡೆಯುವಾಗ ಗೋಡೆಗೆ ಎಷ್ಟು ಎಚ್‌ಪಿ (ಏಟು ತಾಳುವ ಅಂಕ) ಅಂತ ತಲೆ ಕೆಡಿಸಿಕೊಳ್ಳಬೇಡಿ, ಗೋಡೆ ಏನನ್ನು ಹೊತ್ತಿದೆ ಅನ್ನೋದನ್ನು ಬರೆದಿಡಿ. ಆಟ ನಡೆಸುವ ನಾನು ಹೀಗೆ ಹೇಳಿದಾಗ ನಮ್ಮ ದಾವಣಗೆರೆ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. ವಿಝಾರ್ಡ್ (ಮಾಂತ್ರಿಕ) ಪಾತ್ರ ಆಡುವ ಗೆಳೆಯ ಸಿವಿಲ್ ಕಾಂಟ್ರಾಕ್ಟರ್. "ಲೇ, ಇದು ಆಟನೋ ಎಸ್ಟಿಮೇಟೋ?" ಅಂತ ನಕ್ಕ. ಈಗ ಅವನೇ ನಾನು ಹೀಗೆ ಬರೆದಿಟ್ಟ ಚೀಟಿಗಳ ಫೋಟೋ ತೆಗೆದು ಹುಬ್ಬಳ್ಳಿ ಹುಡುಗರಿಗೆ ಕಳಿಸುತ್ತಾನೆ, ಅದೂ ನನ್ನನ್ನು ಕೇಳದೆ.

ನಮ್ಮ ಕ್ಯಾಂಪೇನಿನ, ಅಂದರೆ ಮುಂದುವರಿಯುವ ಆಟದ ಕಥೆಯ, ಕೋಟೆಗೆ ಚಿತ್ರದುರ್ಗವೇ ಮಾದರಿ. ಏಳು ಸುತ್ತು, ಗಾರೆ ಇಲ್ಲದೆ ಕೂರಿಸಿದ ದಪ್ಪ ಕಲ್ಲು, ಆನೆ ಓಡಿ ಬಂದು ಗುದ್ದಲು ಜಾಗವೇ ಸಿಗದ ಹಾಗೆ ಬಾಗಿಲ ಮುಂದೆ ತಿರುವು. ಹೈದರಾಲಿಗೇ ಇದು ಕೈಗೆ ಬಂದದ್ದು 1779ರಲ್ಲಿ, ಅದೂ ಹಲವು ಸಲ ಮುತ್ತಿಗೆ ಹಾಕಿದ ಮೇಲೆ. ಆದರೆ ಅವನ ಹತ್ತಿರ ಡಿಸಿಂಟಿಗ್ರೇಟ್ ಹಾಕಬಲ್ಲ 11ನೇ ಲೆವೆಲ್ ವಿಝಾರ್ಡ್ ಇರಲಿಲ್ಲ, ಅಲ್ವಾ? ನಮ್ಮವರ ಹತ್ತಿರ ಇದ್ದಾನೆ.

ಇಲ್ಲಿ ಆಟದ ಐದನೇ ಎಡಿಷನ್ ನಿಯಮ ಪುಸ್ತಕ ಅರ್ಧ ದಾರಿಗೆ ಕೈ ಬಿಡುತ್ತದೆ. ಕಲ್ಲಿಗೆ ಎಸಿ (ಏಟು ತಾಗಲು ಡೈಸಿನಲ್ಲಿ ಮುಟ್ಟಬೇಕಾದ ಸಂಖ್ಯೆ) 17, ದೊಡ್ಡ ವಸ್ತುವನ್ನು ತುಂಡು ತುಂಡಾಗಿ ಲೆಕ್ಕ ಹಾಕಿ ಅನ್ನುತ್ತದೆ. ಫೈರ್‌ಬಾಲ್‌ನ 8ಡಿ6 ಡ್ಯಾಮೇಜ್ (ಆರು ಮುಖದ ಎಂಟು ಡೈಸಿನ ಮೊತ್ತ) ಜೀವ ಇರುವವರಿಗೆ ಮಾತ್ರ. ಹತ್ತಿಕೊಳ್ಳುವ ಸಾಮಾನಿಗೆ ಬೆಂಕಿ ತಗಲುತ್ತದೆ, ಕಲ್ಲುಗೋಡೆಗೆ ಏನೂ ಇಲ್ಲ. ಸದ್ದಿನಿಂದ ಒಡೆಯುವ ಶ್ಯಾಟರ್ ಮಂತ್ರ ವಸ್ತುಗಳಿಗೂ ಬೀಳುತ್ತದೆ. ಡಿಸಿಂಟಿಗ್ರೇಟ್ ಅಂತೂ ಉದ್ದ, ಅಗಲ, ಎತ್ತರ ಹತ್ತತ್ತು ಅಡಿಯಷ್ಟು ಗೋಡೆಯನ್ನು ಒಂದೇ ಏಟಿಗೆ ಧೂಳು ಮಾಡುತ್ತದೆ. ಸರಿ, ಅದರ ಮೇಲಿದ್ದ ಗೋಡೆ? ಗೋಡೆಯಲ್ಲಿ ದಾರಿ ತೆರೆಯುವ ಪ್ಯಾಸ್‌ವಾಲ್‌ನಲ್ಲಾದರೂ ಕಟ್ಟಡ ಸಡಿಲ ಆಗಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಇಲ್ಲಿ ಆ ಮಾತೇ ಇಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕಲ್ಲುಗೋಡೆ ಎಬ್ಬಿಸುವ ಮಂತ್ರ ವಾಲ್ ಆಫ್ ಸ್ಟೋನ್‌ಗೆ ಇಂಚಿಗೆ 30 ಎಚ್‌ಪಿ ಇದೆಯಲ್ಲ, ಅದನ್ನೇ ಹಿಡಿದು ಗುಣಿಸಿದೆ. ಮೂರಡಿ ದಪ್ಪದ ಗೋಡೆಗೆ ಸಾವಿರ ದಾಟಿತು. ಅರ್ತ್‌ಕ್ವೇಕ್ ರೌಂಡಿಗೆ (ಎಲ್ಲರಿಗೂ ಒಂದೊಂದು ಸರದಿ, ಆಟದ ಲೆಕ್ಕದಲ್ಲಿ ಆರು ಸೆಕೆಂಡು) 50 ಡ್ಯಾಮೇಜ್ ಕೊಡುತ್ತದೆ, ಪೂರ್ತಿ ಒಂದು ನಿಮಿಷ ನಡೆದರೂ ಐನೂರು ಚಿಲ್ಲರೆ. ಅಂದರೆ ಎಂಟನೇ ಲೆವೆಲ್ ಸ್ಪೆಲ್ಲಿಗೂ ಗೋಡೆ ಜಗ್ಗಲ್ಲ! ಮೇಲಾಗಿ ಎಲ್ಲರೂ ಕಳೆಯುವ ಲೆಕ್ಕ ಮಾಡ್ತಾ ಕೂರಬೇಕು. ಮಂಡಕ್ಕಿ ಮಿರ್ಚಿ ತರಲು ಹೋದವನು ವಾಪಸ್ ಬಂದರೂ ನಾವು ಅದೇ ರೌಂಡಿನಲ್ಲಿ ಇರುತ್ತಿದ್ದೆವು.

ಆಮೇಲೆ ಮಾಡೆಲ್ ಹುಚ್ಚು. ಥರ್ಮಾಕೋಲ್, ಪೇಂಟು, ಅಂಟು ಎಲ್ಲ ಸೇರಿ ಸಾವಿರದೈನೂರರ ಹತ್ತಿರ ಹೋಯಿತು. ತಾರಸಿ ಮೇಲೆ ಆಡುವುದು ನಾವು, ಒಂದು ಗಾಳಿಗೆ ಎರಡನೇ ಸುತ್ತು ಪಕ್ಕದ ಮನೆಗೆ ಹಾರಿತು. ಪಿಒಪಿ ಅಚ್ಚು ಹಾಕಿದೆ, ಮೂಲೆಗಳೆಲ್ಲ ಮುಕ್ಕಾದವು, ಸ್ಪೆಲ್ ಬೀಳುವ ಮೊದಲೇ ಕೋಟೆ ಪಾಳು ಬಿದ್ದಿತ್ತು. ತ್ರೀಡಿ ಪ್ರಿಂಟಿಗೆ ಬೆಂಗಳೂರಿನಿಂದ ಎಂಟೊಂಬತ್ತು ಸಾವಿರದ ರೇಟು ಬಂತು, ಫೋನ್ ಇಟ್ಟೆ. ಕೊನೆಗೆ ಕೈ ಹಿಡಿದದ್ದು ಸಾಮಿಲ್‌ನಲ್ಲಿ ಬಿಸಾಡುವ ಮರದ ತುಂಡು. ಚೀಲಕ್ಕೆ ಇನ್ನೂರೋ ಏನೋ, ಎರಡಿಂಚು ಅಳತೆಗೆ ಕೊಯ್ಯಿಸಲು ಇನ್ನೊಂದು ಮುನ್ನೂರು. ಒಂದು ತುಂಡು ಅಂದರೆ ಹತ್ತಡಿ ಗೋಡೆ.

ಈಗ ವಿಧಾನ. ಪ್ರತಿ ತುಂಡಿಗೂ ಒಂದು ಚೀಟಿ. ಅದರಲ್ಲಿ ನಂಬರು, ಏನಿಂದ ಕಟ್ಟಿದ್ದು, ಮೇಲೆ ಯಾವ ಯಾವ ನಂಬರು ಕೂತಿದೆ, ಇಷ್ಟೇ. ಎಚ್‌ಪಿ ಇಲ್ಲ. ಗಟ್ಟಿ, ಬಿರುಕು, ಬಿತ್ತು ಅಂತ ಮೂರೇ ಹಂತ. ಕಲ್ಲಿಗೆ 25, ಇಟ್ಟಿಗೆಗೆ 15, ಮಣ್ಣಿಗೆ 10 ಅಂತ ಗಡಿ ಇಟ್ಟಿದ್ದೇನೆ. ಒಂದೇ ಏಟಿನ ಡ್ಯಾಮೇಜ್ ಗಡಿ ಮುಟ್ಟಿದರೆ ಒಂದು ಹಂತ ಇಳಿಯುತ್ತದೆ, ಮುಟ್ಟದಿದ್ದರೆ ಏನೂ ಆಗಲ್ಲ. ಮಾಮೂಲಿ ಶ್ಯಾಟರ್ 3ಡಿ8, ಕಲ್ಲಿಗೆ ಲೆಕ್ಕಕ್ಕೇ ಇಲ್ಲ. ಅದನ್ನೇ ಐದನೇ ಲೆವೆಲ್ಲಿನ ಸ್ಲಾಟ್ (ಮಂತ್ರ ಹಾಕುವ ಅವಕಾಶ) ಖರ್ಚು ಮಾಡಿ ಹಾಕಿದರೆ 6ಡಿ8, ಸರಾಸರಿ 27, ಹೆಚ್ಚು ಕಡಿಮೆ ಮೂರಕ್ಕೆ ಎರಡು ಸಲ ಬಿರುಕು ಬರುತ್ತದೆ. ಅರ್ತ್‌ಕ್ವೇಕ್ ಹಾಕಿದ ತಕ್ಷಣ ಬಿರುಕು, ಮುಂದಿನ ಸರದಿಗೆ ನೆಲಸಮ. ಎಂಟನೇ ಲೆವೆಲ್ ಅಂದಮೇಲೆ ಹಾಗೇ ಇರಬೇಕು.

ಕೆಳಗಿನ ತುಂಡು ಹೋದರೆ ಮೇಲಿನದಕ್ಕೆ ಕೂಡಲೇ ಬಿರುಕು. ಎರಡೂ ಪಕ್ಕ ಗಟ್ಟಿ ಇದ್ದರೆ ಅದು ಅಲ್ಲೇ ನಿಲ್ಲುತ್ತದೆ, ಇಲ್ಲದಿದ್ದರೆ ಮುಂದಿನ ರೌಂಡಿನ ಕೊನೆಗೆ ಬೀಳುತ್ತದೆ. ಈ ಒಂದು ರೌಂಡಿನ ಬಿಡುವೇ ಆಟದ ಜೀವ. ಓಡುವವರು ಓಡುತ್ತಾರೆ, ದುರಾಸೆ ಇದ್ದವರು ಒಳಗೆ ನುಗ್ಗುತ್ತಾರೆ. ಸೈಟಿನಲ್ಲೂ ಹಾಗೇ ಅಂತೆ: ಗೋಡೆಗೆ ತೂತು ಹೊಡೆದರೆ ಮೇಲಿನದೆಲ್ಲ ಬೀಳಲ್ಲ, ತ್ರಿಕೋನದ ಹಾಗೆ ಒಂದಷ್ಟು ಉದುರುತ್ತದೆ. ಕಾಂಟ್ರಾಕ್ಟರ್ ಇದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಬಿದ್ದ ಕಲ್ಲನ್ನು ಮಾಯ ಮಾಡಬೇಡಿ. ಗೋಡೆಯಲ್ಲಿ ಒತ್ತಾಗಿ ಕೂತ ಕಲ್ಲು ರಾಶಿಯಾದಾಗ ಸುಮಾರು ಒಂದೂವರೆ ಪಟ್ಟು ಜಾಗ ತಿನ್ನುತ್ತದೆ. ದಾರಿ ಆಯಿತು ಅಂತ ಕುಣಿದವರ ಮುಂದೆ ಹತ್ತಬೇಕಾದ ಗುಡ್ಡ ಇರುತ್ತದೆ, ಮೇಲೆ ಬಿಲ್ಲುಗಾರರು. ಡಿಸಿಂಟಿಗ್ರೇಟ್ ಆದದ್ದು ಧೂಳು, ಅದಕ್ಕೆ ರಾಶಿ ಇಲ್ಲ. ಮೇಲಿಂದ ಬಿದ್ದದ್ದಕ್ಕೆ ಮಾತ್ರ. ರಾಶಿ ಯಾವ ಕಡೆ ಚೆಲ್ಲುತ್ತದೆ ಅಂತ ಒಂದೇ ಡೈಸಲ್ಲಿ ತೀರ್ಮಾನಿಸುವ ಉಪಾಯ ನನ್ನ ಹತ್ತಿರ ಇದೆ, ಅದನ್ನು ಸದ್ಯಕ್ಕೆ ಹೇಳಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗ. ಕಲ್ಲು ಗಣಿಯವರು ಹಿಂದೆ ಬೆಂಕಿ ಹಾಕಿ ಬಂಡೆ ಸೀಳುತ್ತಿದ್ದರಲ್ಲ, ನೋಡೋಣ ಅಂತ ಗ್ರಾನೈಟ್ ಅಂಗಡಿಯ ಚೂರನ್ನು ನೀರೊಲೆ ಬೆಂಕಿಯಲ್ಲಿ ಕಾಯಿಸಿ ತಣ್ಣೀರು ಎರಚಿದೆ. ಉಗುರಿನಷ್ಟು ಚಕ್ಕೆಗಳು ಚಟ್ ಅಂತ ಸಿಡಿದು ಬಕೆಟ್ಟಿಗೆ ಬಡಿದವು. ನೀವು ಮಾಡಬೇಡಿ, ಕಣ್ಣಿಗೆ ಬಿದ್ದರೆ ಕಷ್ಟ. ಮನೆಯಲ್ಲಿ ಬೈಗುಳ ತಿಂದರೂ ಒಂದು ನಿಯಮ ಸಿಕ್ಕಿತು: ಫೈರ್‌ಬಾಲ್ ಬಿದ್ದ ಮುಂದಿನ ರೌಂಡಿನಲ್ಲೇ ಚಳಿಯ ಮಂತ್ರ ಕೋನ್ ಆಫ್ ಕೋಲ್ಡ್ ಬಿದ್ದರೆ ಕಲ್ಲಿಗೂ ಒಂದು ಹಂತ ಇಳಿತ.

ಕೋಟೆ ಕೆಳಗಿನ ಊರಲ್ಲಿ ಎಲ್ಲ ನಮ್ಮ ಕಡೆಯ ಮಾಳಿಗೆ ಮನೆಗಳೇ. ಹೊರಗಿಂದ ಫೈರ್‌ಬಾಲ್ ಹಾಕಿದರೆ ಮೇಲಿನ ಮಣ್ಣು ಬಿಸಿಯಾಗುತ್ತದೆ ಅಷ್ಟೇ. ಒಳಗೆ ಹಾಕಿದರೆ ಜಂತೆ ಬೇಗ ಹತ್ತುತ್ತದೆ, ತೊಲೆ ನಿಧಾನ. ಅದಕ್ಕೆ 1ಡಿ6 ನಿಮಿಷ ಬಿಟ್ಟು ಮಾಳಿಗೆ ಮಣ್ಣೆಲ್ಲ ಒಟ್ಟಿಗೆ ಕುಸಿಯುತ್ತದೆ ಅಂತ ಇಟ್ಟಿದ್ದೇನೆ. ಲೂಟಿಗೆ ನುಗ್ಗಿದ ರೋಗ್ (ಕಳ್ಳನ ಪಾತ್ರ) ಇದರಲ್ಲೇ ಹೋದ.

ಈಗ ಕೂತಿರುವುದು ಕೋಟೆಯೊಳಗಿನ ಹೊಂಡದ ಲೆಕ್ಕಕ್ಕೆ. ಟ್ರಾನ್ಸ್‌ಮ್ಯೂಟ್ ರಾಕ್ ನಲವತ್ತಡಿ ಘನದ ಒಳಗಿನ ಕಲ್ಲನ್ನು ಕೆಸರು ಮಾಡುತ್ತದೆ. ಹೊಂಡದ ಕಲ್ಲುಕಟ್ಟೆಗೆ ಅದು ಬಿದ್ದರೆ ನೀರು ಎಷ್ಟು ರೌಂಡಿನಲ್ಲಿ ಕೆಳಗಿನ ಸುತ್ತು ಮುಟ್ಟುತ್ತದೆ? ಇದೊಂದು ಇನ್ನೂ ಕೂಡಿ ಬಂದಿಲ್ಲ. ನಮ್ಮ ಡ್ರೂಯಿಡ್ (ಪ್ರಕೃತಿಯ ಮಂತ್ರ ಹಾಕುವ ಪಾತ್ರ) ಆಗಲೇ ಅದರ ಮೇಲೆ ಕಣ್ಣು ಹಾಕಿದ್ದಾಳೆ, ಬರೋ ಭಾನುವಾರದೊಳಗೆ ಚೀಟಿ ರೆಡಿ ಆಗಬೇಕು.