ಬೆಟಗೇರಿಯಿಂದ ಕಿಜಾಬೆಗೆ: ಹಾಸ್ಟೆಲ್‌ನ ಮೊದಲ ವಾರಗಳು

ನಮ್ಮ ಕಡೆಯಿಂದ ಹೊರದೇಶಕ್ಕೆ ಓದಲು ಹೋಗುವವರು ಸಾಮಾನ್ಯವಾಗಿ ಡಿಗ್ರಿ ಮುಗಿಸಿ ಹೋಗುತ್ತಾರೆ. ನಾನು ಹೋದದ್ದು ಒಂಬತ್ತನೇ ಕ್ಲಾಸಿಗೆ, ಅದೂ ಆಫ್ರಿಕಾಕ್ಕೆ. ಬೆಟಗೇರಿಯಲ್ಲಿ ಇದನ್ನು ಹೇಳಿದರೆ "ಅಲ್ಲಿ ಎಂಥಾ ಸಾಲಿ ಇರ್ತಾವ?" ಅಂತ ಈಗಲೂ ಕೇಳುತ್ತಾರೆ. ಈಚೆಗೆ ಗದಗ, ಹುಬ್ಬಳ್ಳಿ ಕಡೆಯ ಒಂದೆರಡು ಮನೆಯವರು ಮಕ್ಕಳನ್ನು ಇಂಥ ಶಾಲೆಗೆ ಕಳಿಸುವ ಬಗ್ಗೆ ನನ್ನನ್ನು ವಿಚಾರಿಸಿದರು. ಎಲ್ಲರಿಗೂ ಫೋನಿನಲ್ಲಿ ಹೇಳುವ ಬದಲು ಬರೆದುಬಿಡೋಣ ಅನ್ನಿಸಿತು.

ಪಪ್ಪ ಡಾಕ್ಟರ್, ಮಮ್ಮಿ ನರ್ಸ್. ಇಬ್ಬರಿಗೂ ಉಗಾಂಡಾದ ಒಂದು ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನನಗೆ ಒಗ್ಗುವ ಹೈಸ್ಕೂಲು ಹತ್ತಿರದಲ್ಲಿ ಇರಲಿಲ್ಲ. ಹಾಗಾಗಿ ಪಕ್ಕದ ಕೀನ್ಯಾದಲ್ಲಿರುವ ರಿಫ್ಟ್ ವ್ಯಾಲಿ ಅಕಾಡೆಮಿಗೆ ಸೇರಿಸಿದರು. ನೈರೋಬಿಯಿಂದ ವಾಯವ್ಯಕ್ಕೆ ಸುಮಾರು 50 ಕಿ.ಮೀ. ದೂರ, ಕಿಜಾಬೆ ಅನ್ನುವ ಊರು. ಆಫ್ರಿಕಾ ಇನ್‌ಲ್ಯಾಂಡ್ ಮಿಷನ್‌ನವರು 1906ರಲ್ಲಿ ಮಿಷನರಿಗಳ ಮಕ್ಕಳಿಗಾಗಿ ಶುರು ಮಾಡಿದ ಶಾಲೆ ಇದು. 1909ರಲ್ಲಿ ಅದರ ಮುಖ್ಯ ಕಟ್ಟಡಕ್ಕೆ ಅಡಿಗಲ್ಲು ಹಾಕಿದವರು ಥಿಯೋಡರ್ ರೂಸ್‌ವೆಲ್ಟ್. ಅಮೆರಿಕದ ಅಧ್ಯಕ್ಷಗಿರಿ ಮುಗಿಸಿ, ಬೇಟೆ ಆಡಲು ಆ ಕಡೆ ಬಂದಿದ್ದರಂತೆ. ಪಾಠಕ್ರಮ ಅಮೆರಿಕದ್ದು. ಮೂರು ತಿಂಗಳು ಶಾಲೆ, ಒಂದು ತಿಂಗಳು ರಜೆ. ಡಿಸೆಂಬರ್, ಏಪ್ರಿಲ್, ಆಗಸ್ಟ್‌ನಲ್ಲಿ ಮನೆಗೆ ಹೋಗಬಹುದು. ನಮ್ಮ ಮಮ್ಮಿ ಒಪ್ಪಿದ್ದೇ ಈ ಲೆಕ್ಕ ಕೇಳಿದ ಮೇಲೆ.

ಮೊದಲು ಸಾಮಾನಿನ ವಿಷಯ. ಉಗಾಂಡಾಕ್ಕೆ ಹೋಗಬೇಕಾದರೆ ಹಳದಿ ಜ್ವರದ ಲಸಿಕೆಯ ಕಾರ್ಡ್ ಬೇಕೇ ಬೇಕು. ಆ ಕಡೆಯಿಂದ ಭಾರತಕ್ಕೆ ವಾಪಸ್ ಬರುವಾಗಲೂ ಕೇಳುತ್ತಾರೆ. ನಾವು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆವು. ಚುಚ್ಚಿಸಿಕೊಂಡು 10 ದಿನ ಆದ ಮೇಲೆಯೇ ಕಾರ್ಡಿಗೆ ಬೆಲೆ. ಆದ್ದರಿಂದ ಹೊರಡುವ ಹಿಂದಿನ ವಾರದವರೆಗೆ ಬಿಡಬೇಡಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ, ಅದೊಂದು ಸಮಾಧಾನ.

ಇನ್ನೊಂದು, ಪ್ಲಾಸ್ಟಿಕ್ ಚೀಲ. ಕೀನ್ಯಾದಲ್ಲಿ 2017ರಿಂದ ಕ್ಯಾರಿಬ್ಯಾಗ್ ನಿಷೇಧ. ನಮ್ಮಲ್ಲಿಯ ನಿಷೇಧದ ಹಾಗಲ್ಲ, ಅಲ್ಲಿ ನಿಜವಾಗಿಯೂ ಹಿಡಿಯುತ್ತಾರೆ. ನಮ್ಮ ಅಜ್ಜಿಗೆ ಇದನ್ನು ಹೇಳಿದ್ದೇ ತಡ, ಟ್ರಂಕಿನಿಂದ ಹಳೇ ಪತ್ತಲ ತೆಗೆದು ಸಣ್ಣ ಸಣ್ಣ ಚೀಲ ಹೊಲಿಯಲು ಕೂತಳು. ಶೇಂಗಾ ಚಟ್ನಿಗೆ ಒಂದು, ಗುರೆಳ್ಳು ಚಟ್ನಿಗೆ ಒಂದು, ಅಗಸಿ ಚಟ್ನಿಗೆ ಇನ್ನೊಂದು. ಪುಡಿ ಸೋರಬಾರದು ಅಂತ ಒಳಗೆ ಎರಡು ಪದರ, ಬಾಯಿಗೆ ಲಾಡಿ. ಯಾವುದು ಯಾವುದು ಅಂತ ಗೊತ್ತಾಗಲು ಲಾಡಿಗೆ ಬೇರೆ ಬೇರೆ ಬಣ್ಣದ ದಾರ. ಅಗಸಿ ಚಟ್ನಿಯ ಎಣ್ಣೆ ಮಾತ್ರ ಬಟ್ಟೆಗೆ ಹತ್ತಿತು. ಅದನ್ನು ಸ್ಟೀಲ್ ಡಬ್ಬಿಗೆ ಹಾಕಿದ್ದರೆ ಚಲೋ ಇತ್ತು.

ಮತ್ತೆ ಸ್ವೆಟರ್. ಆಫ್ರಿಕಾ ಅಂದರೆ ಬಿಸಿಲು ಅಂತ ಊರೆಲ್ಲ ಹೇಳಿತು. ಮಮ್ಮಿ ಒಬ್ಬಳೇ ಕಿಜಾಬೆ ಎಷ್ಟು ಎತ್ತರದಲ್ಲಿದೆ ಅಂತ ಹುಡುಕಿ ನೋಡಿ ಎರಡು ದಪ್ಪ ಸ್ವೆಟರ್ ತುರುಕಿದಳು. ಸಮುದ್ರ ಮಟ್ಟದಿಂದ 2,000 ಮೀಟರಿಗಿಂತ ಮೇಲೆ, ದೊಡ್ಡ ರಿಫ್ಟ್ ಕಣಿವೆಯ ದಂಡೆಯ ಮೇಲೆ ಇದೆ ಶಾಲೆ. ಭೂಮಧ್ಯ ರೇಖೆ ಹತ್ತಿರದಲ್ಲೇ ಇದ್ದರೂ ರಾತ್ರಿ ಹಲ್ಲು ಕಟಕಟ ಅನ್ನುತ್ತವೆ. ಗಾಳಿಯಂತೂ ಕೇಳಲೇಬೇಡಿ. ನಾನು ಕಪ್ಪತಗುಡ್ಡದ ಗಾಳಿಯಂತ್ರದ ಫ್ಯಾನುಗಳನ್ನು ನೋಡುತ್ತಾ ಬೆಳೆದವಳು, ಗಾಳಿ ಹೊಸದಲ್ಲ. ಆದರೂ ಮೊದಲ ರಾತ್ರಿಗಳಲ್ಲಿ ತಗಡಿನ ಮೇಲೆ ಅದು ಬೀಸುವ ಸದ್ದಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಕೆಳಗೆ ಅಷ್ಟಗಲ ಕಣಿವೆ, ಅದರಲ್ಲಿ ಲೊಂಗೊನೊಟ್ ಅನ್ನುವ ಜ್ವಾಲಾಮುಖಿ ಬೆಟ್ಟ. ಈಗ ಅದು ಸುಮ್ಮನಿದೆ ಅಂತ ಹೇಳಿದರು. ನಂಬಿದೆ.

ಹಾಸ್ಟೆಲ್‌ಗೆ ಅಲ್ಲಿ ಡಾರ್ಮ್ ಅನ್ನುತ್ತಾರೆ. ನಮ್ಮಲ್ಲಿ ವಾರ್ಡನ್ ಇದ್ದಂತೆ ಅಲ್ಲಿ ಡಾರ್ಮ್ ಪೇರೆಂಟ್ಸ್, ಅಂದರೆ ಗಂಡ ಹೆಂಡತಿ ಇಬ್ಬರೂ, ತಮ್ಮ ಮಕ್ಕಳ ಜೊತೆ ಅದೇ ಕಟ್ಟಡದಲ್ಲಿ ಇರುತ್ತಾರೆ. ನನ್ನನ್ನು ಕೇಳಿದರೆ ಇಂಥ ಶಾಲೆಗಳಲ್ಲಿ ಮೊದಲ ವಾರಗಳನ್ನು ದಾಟಿಸುವವರು ಇವರೇ. ಬ್ರೋಷರ್‌ನಲ್ಲಿ ಲ್ಯಾಬು, ಮೈದಾನ ನೋಡಿ ಮರುಳಾಗಬೇಡಿ. ಮಗು ಇರುವ ಡಾರ್ಮನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ, ಸಾಧ್ಯವಾದರೆ ಅವರ ಜೊತೆ ಮೊದಲೇ ಮಾತಾಡಿ. ನಮ್ಮ ಆಂಟಿ (ನಾನು ಹಾಗೇ ಕರೆಯುತ್ತಿದ್ದೆ, ಉಳಿದವರು ಹೆಸರಿನಿಂದ ಕರೆಯುತ್ತಿದ್ದರು, ನನಗೆ ಬಾಯಿ ಬರಲಿಲ್ಲ) ಮೊದಲ ದಿನ ಏನೂ ಉಪದೇಶ ಮಾಡಲಿಲ್ಲ. ಅಡುಗೆಮನೆಗೆ ಕರೆದು ಕೈಗೆ ಚಾಕು ಕೊಟ್ಟು ಉಳ್ಳಾಗಡ್ಡಿ ಹೆಚ್ಚು ಅಂದರು. ಅಳುವುದಕ್ಕೆ ಅದಕ್ಕಿಂತ ಒಳ್ಳೆ ನೆಪ ಉಂಟಾ?

ಊಟಕ್ಕೆ ಹೆದರಿದಷ್ಟು ತೊಂದರೆ ಆಗಲಿಲ್ಲ. ಕೀನ್ಯಾದವರಿಗೆ ಚಪಾತಿ, ಚಾಯ್, ಸಮೋಸಾ ಎಲ್ಲ ತಮ್ಮ ಮನೆಯದೇ ಆಗಿಬಿಟ್ಟಿವೆ. 1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸಾದಿಂದ ರೈಲು ಹಳಿ ಹಾಕಿಸಿದಾಗ ಭಾರತದಿಂದ 30,000ಕ್ಕೂ ಹೆಚ್ಚು ಕೂಲಿಯವರನ್ನು ತಂದಿದ್ದರು. ಆ ಹಳಿ ಕಿಜಾಬೆಯ ಮೇಲೇ ಹೋಗುತ್ತದೆ. ಹತ್ತೂವರೆ ಸುಮಾರಿಗೆ ಚಾಯ್ ಬಿಡುವು. ಹಾಲು, ಸಕ್ಕರೆ ಹಾಕಿ ಕುದಿಸಿದ ಚಹಾ, ನಮ್ಮದೇ ರುಚಿ. ಅಲ್ಲಿಯ ಚಪಾತಿ ಮಾತ್ರ ಮೈದಾದ್ದು, ಪದರ ಪದರ. ಉಳಿದ ಅಮೆರಿಕನ್ ಊಟಕ್ಕೆ ನಾನು ಚಟ್ನಿ ಪುಡಿ ಉದುರಿಸಿಕೊಳ್ಳುತ್ತಿದ್ದೆ. ರೂಮಿನ ಕೊರಿಯಾದ ಹುಡುಗಿ ಒಂದು ದಿನ ಕೈ ಚಾಚಿದಳು. ಗುರೆಳ್ಳು ಚಟ್ನಿಯನ್ನು ಅನ್ನಕ್ಕೆ ಕಲಸಿ ತಿಂದು, ತನ್ನ ಕೆಂಪು ಮೆಣಸಿನ ಪೇಸ್ಟಿನ ಡಬ್ಬಿ ನನ್ನ ಕಡೆ ಸರಿಸಿದಳು. ಅವಳ ಇಂಗ್ಲಿಷ್ ನನಗೆ, ನನ್ನದು ಅವಳಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಖಾರದ ವಿಷಯದಲ್ಲಿ ಜಗಳವೇ ಇರಲಿಲ್ಲ.

ಕ್ಲಾಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಟೀಚರ್ ಕೂತಲ್ಲೇ ಇರುತ್ತಾರೆ, ಮಕ್ಕಳು ರೂಮಿಂದ ರೂಮಿಗೆ ಓಡಬೇಕು. ಗಣಿತದಲ್ಲಿ ಒಂದು ವರ್ಷ ಪೂರ್ತಿ ಆಲ್ಜಿಬ್ರಾ, ಇನ್ನೊಂದು ವರ್ಷ ಪೂರ್ತಿ ಜಾಮಿಟ್ರಿ. ಸಣ್ಣ ಕ್ವಿಜ್, ಹೋಂವರ್ಕ್ ಎಲ್ಲದಕ್ಕೂ ಅಂಕ ಸೇರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಕೂತು ರುಬ್ಬೋಣ ಅನ್ನುವ ನಮ್ಮ ರೂಢಿ ಅಲ್ಲಿ ನಡೆಯಲ್ಲ. ಇದನ್ನು ಮೊದಲ ವಾರವೇ ತಿಳಿದುಕೊಂಡರೆ ಸಾಕು.

ನನಗೆ ನಿಜವಾಗಿ ಹೊಸದಾಗಿದ್ದದ್ದು ಬೇರೆಯೇ. ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಮನೆಯವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂತು. ನಮ್ಮ ಮನೆತನ ಹಳೇ ಕ್ರೈಸ್ತ ಮನೆತನ. ಕ್ರಿಶ್ಚಿಯನ್ ಶಾಲೆ ಅಂದ ಮೇಲೆ ಉಳಿದದ್ದು ಏನೇ ಇರಲಿ, ಪ್ರಾರ್ಥನೆಯಂತೂ ಗೊತ್ತಿದ್ದದ್ದೇ ಅಲ್ವಾ? ಅಲ್ಲ. ನಮ್ಮಲ್ಲಿ ಪಾಸ್ಟರ್ ಹೇಳುತ್ತಾರೆ, ಸಭೆ ಉತ್ತರ ಕೊಡುತ್ತದೆ, ಪುಸ್ತಕ ನೋಡಿ ಸಂಗೀತ ಹಾಡುತ್ತೇವೆ. ಅಲ್ಲಿ ಗಿಟಾರು, ಡ್ರಮ್ಮು, ಗೋಡೆಯ ಮೇಲೆ ಹಾಡಿನ ಸಾಲು. ಡಾರ್ಮಿನಲ್ಲಿ ರಾತ್ರಿ ಸುತ್ತ ಕೂತು ಒಬ್ಬೊಬ್ಬರೇ ತಮ್ಮದೇ ಮಾತಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸಬೇಕು. ಪಕ್ಕದವರು ನಾಳಿನ ಬಯಾಲಜಿ ಟೆಸ್ಟ್ ಬಗ್ಗೆ ದೇವರ ಹತ್ತಿರ ಗೆಳತಿಯ ಹಾಗೆ ಮಾತಾಡುತ್ತಿದ್ದರು. ನನ್ನ ಸರದಿ ಬಂದಾಗ ಬಾಯಿ ಕಟ್ಟಿತು. ಕೊನೆಗೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು ಮಾಡಿ ಪೂರ್ತಿ ಕನ್ನಡದಲ್ಲೇ ಹೇಳಿ ಮುಗಿಸಿದೆ. ಯಾರೂ ಏನೂ ಅನ್ನಲಿಲ್ಲ. ನನ್ನ ನಂತರ ಕೂತಿದ್ದ ಕೊರಿಯಾದವಳು ಆವತ್ತು ಇಂಗ್ಲಿಷ್ ಬಿಟ್ಟು ತನ್ನ ಭಾಷೆಯಲ್ಲಿ ಶುರು ಮಾಡಿದಳು, ಅದೂ ಎಷ್ಟು ಉದ್ದ!

"ನೀನು ಯಾವಾಗ ಕ್ರಿಶ್ಚಿಯನ್ ಆದೆ?" ಅಂತ ಹುಡುಗಿಯರು ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಇಂಡಿಯಾದವಳು ಅಂತ ಹೀಗೆ ಕೇಳುತ್ತಾರೆ ಅನ್ನಿಸುತ್ತಿತ್ತು. ಆಮೇಲೆ ನೋಡಿದರೆ ಅವರು ಎಲ್ಲರನ್ನೂ ಹಾಗೇ ಕೇಳುತ್ತಾರೆ, ತಮ್ಮ ತಮ್ಮಲ್ಲೂ. ಹುಟ್ಟಿನಿಂದ ಚರ್ಚಿಗೆ ಹೋಗುವ ಅಮೆರಿಕದ ಹುಡುಗಿಗೂ ಒಂದು ಉತ್ತರ ಇರುತ್ತಿತ್ತು. ನನ್ನ ಹತ್ತಿರ ಇದ್ದದ್ದು ಮುತ್ತಜ್ಜನ ಕಥೆ. ಅದನ್ನೇ ಹೇಳಿದೆ, ಅವರು ಕೇಳಿದರು.

ಇನ್ನೊಂದು ತಮಾಷೆ. ಬೆಟಗೇರಿಯಲ್ಲಿ ನಮ್ಮದು 'ಕ್ರಿಶ್ಚನ್ನರ ಮನಿ'. ಗುರುತು ಹೇಳಲು ಅಷ್ಟೇ ಸಾಕು. ಕಿಜಾಬೆಯಲ್ಲಿ ಸುತ್ತ ಎಲ್ಲರೂ ಕ್ರೈಸ್ತರೇ. ಹಾಗಾಗಿ ಅಲ್ಲಿ ನಾನು ಬರೀ ಇಂಡಿಯನ್. ದೀಪಾವಳಿ ಅಂದರೆ ಏನು, ಹಣೆಗೆ ಕುಂಕುಮ ಯಾಕೆ, ಎಲ್ಲ ಪ್ರಶ್ನೆಯೂ ನನಗೇ. ಪುಣ್ಯಕ್ಕೆ ನಮ್ಮ ಓಣಿಯವಳಾಗಿ ಬೆಳೆದಿದ್ದೆ. ಪಂಚಮಿಗೆ ಪಕ್ಕದ ಮನೆ ಕಾಕೂ ಕೊಡುತ್ತಿದ್ದ ಶೇಂಗಾ ಉಂಡಿ, ಜೋಕಾಲಿ, ಕ್ರಿಸ್‌ಮಸ್‌ಗೆ ನಮ್ಮ ಮನೆಯಿಂದ ಅವರಿಗೆ ಹೋಗುವ ಕರ್ಚಿಕಾಯಿ, ಎಲ್ಲ ವಿವರಿಸಿದೆ. ಕ್ರೈಸ್ತ ಶಾಲೆಯಲ್ಲಿ ನಾಗರ ಪಂಚಮಿಗೆ ವಕೀಲಿಕೆ ಮಾಡಿದ ಬೆಟಗೇರಿಯ ಮೊದಲ ಹುಡುಗಿ ನಾನೇ ಇರಬೇಕು. ಮಕ್ಕಳನ್ನು ಕಳಿಸುವವರಿಗೆ ನಾನು ಹೇಳುವುದು ಇದನ್ನೇ. ಇಂಗ್ಲಿಷ್ ಅಲ್ಲೇ ಬರುತ್ತದೆ, ಅದಕ್ಕೆ ಟ್ಯೂಷನ್ ಬೇಡ. ಹೋಗುವ ಮೊದಲು ಮನೆ, ಓಣಿ, ಚರ್ಚು, ಅಜ್ಜ ಅಜ್ಜಿಯ ಕಥೆ ಮಗುವಿಗೆ ಗೊತ್ತಿರಲಿ. ಅಲ್ಲಿ ದಿನಾ ಕೇಳುತ್ತಾರೆ.

ಅಲ್ಲಿಯ ಎಷ್ಟೋ ಮಕ್ಕಳಿಗೆ "ನಿಮ್ಮ ಊರು ಯಾವುದು?" ಅನ್ನುವುದೇ ಕಷ್ಟದ ಪ್ರಶ್ನೆ. ಅಪ್ಪ ಅಮ್ಮ ಕೆನಡಾದವರು, ಹುಟ್ಟಿದ್ದು ಕಾಂಗೋದಲ್ಲಿ, ಓದುವುದು ಕೀನ್ಯಾದಲ್ಲಿ. ಇಂಥವರಿಗೆ ಥರ್ಡ್ ಕಲ್ಚರ್ ಕಿಡ್ಸ್ ಅನ್ನುವ ಹೆಸರು ಕೊಟ್ಟವರು ರೂತ್ ಯೂಸೀಮ್ ಅನ್ನುವ ಸಮಾಜಶಾಸ್ತ್ರಜ್ಞೆ. 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ನರನ್ನು ನೋಡುತ್ತಾ ಈ ವಿಚಾರ ಅವರಿಗೆ ಹೊಳೆಯಿತು. ಊರಿನ ಹೆಸರು ಒಂದೇ ಉಸಿರಿಗೆ ಹೇಳುತ್ತಿದ್ದ ನನ್ನ ಮೇಲೆ ಕೆಲವರಿಗೆ ಹೊಟ್ಟೆಕಿಚ್ಚು ಇತ್ತು.

ಮನೆ ನೆನಪಿಗೆ ಮದ್ದು ಏನು ಅಂತ ಕೇಳುತ್ತಾರೆ. ಫೋನಿನ ಹೊತ್ತು ಸರಿಯಾಗಿ ಇಟ್ಟುಕೊಳ್ಳಿ, ಅಷ್ಟೇ. ಶುರುವಿಗೆ ರಾತ್ರಿ ಮಲಗುವ ಮುಂಚೆ ಮಾತಾಡುತ್ತಿದ್ದೆ. ಫೋನ್ ಇಟ್ಟ ಮೇಲೆ ಕತ್ತಲು, ಗಾಳಿ, ಅಳು. ಆಂಟಿಯೇ ಸಲಹೆ ಕೊಟ್ಟರು: ಭಾನುವಾರ ಮಧ್ಯಾಹ್ನ ಮಾತಾಡು, ಮುಗಿದ ಕೂಡಲೇ ಆಡಲು ಹೋಗು. ಕೀನ್ಯಾ ನಮಗಿಂತ ಎರಡೂವರೆ ತಾಸು ಹಿಂದೆ. ಅಲ್ಲಿ ನಾಲ್ಕು ಗಂಟೆ ಅಂದರೆ ಬೆಟಗೇರಿಯಲ್ಲಿ ಆರೂವರೆ, ಅಜ್ಜಿ ಪಡಸಾಲೆಯಲ್ಲಿ ಕೂರುವ ಹೊತ್ತು. "ಊಟಾ ಆತೇನವಾ?" ಅಂತ ಶುರು ಮಾಡಿದರೆ ಚಟ್ನಿ ಎಷ್ಟು ಉಳಿದಿದೆ ಅನ್ನುವಲ್ಲಿಗೆ ಬಂದು ನಿಲ್ಲುತ್ತಿದ್ದಳು. ಹೇಳಬೇಕಾದ್ದನ್ನು ವಾರವಿಡೀ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಕೈಯಲ್ಲಿ ಚೀಟಿ ಇದ್ದರೆ ಗಂಟಲು ಕಟ್ಟುವುದು ಕಡಿಮೆ. ಅಕ್ಟೋಬರ್ ಹೊತ್ತಿಗೆ ಆಟದ ನಡುವೆ ಅಜ್ಜಿಗೆ ಫೋನ್ ಮಾಡುವುದು ಮರೆತು, ಅವಳೇ ಡಾರ್ಮಿನ ನಂಬರಿಗೆ ಮಾಡಿ ಆಂಟಿಗೆ ಕನ್ನಡದಲ್ಲಿ ಬೈದಿದ್ದಳು. ಆಂಟಿಗೆ ಏನೂ ತಿಳಿಯಲಿಲ್ಲ, ಆದರೆ ಯಾರ ಅಜ್ಜಿ ಅಂತ ಗೊತ್ತಾಗಿ ನನ್ನನ್ನು ಮೈದಾನದಿಂದ ಕರೆಸಿದರು.